ಮೊಳೆಬಾಯಿ ಕೇಳಿಕೊಂಡದ್ದು

ಕುಶನ್ ಕೆಲಸದವರ ಬಾಯಲ್ಲಿ ಮೊಳೆ ಇರುವುದು ಹೊಸದೇನಲ್ಲ. ಒಂದು ಕೈ ರೆಕ್ಸಿನ್ ಎಳೆದು ಹಿಡಿಯಬೇಕು, ಇನ್ನೊಂದು ಕೈಗೆ ಸುತ್ತಿಗೆ ಬೇಕು. ಮೊಳೆಗೆ ಉಳಿಯುವ ಜಾಗ ತುಟಿಗಳ ನಡುವೆಯೇ. ಆದರೆ ಬಸ್ಸಿನ ಸೀಟುಗಳಿಗೆ ಕುಶನ್ ಹೊಲಿಯುವ ಈತ ಫೋಮ್ ಕತ್ತರಿಸುವಾಗಲೂ, ಕೆಲಸವಿಲ್ಲದೆ ಸುಮ್ಮನೆ ಕೂತಾಗಲೂ ಮೊಳೆ ಕಚ್ಚಿಕೊಂಡೇ ಇರುತ್ತಿದ್ದ. ಗಿರಾಕಿ ಏನಾದರೂ ಕೇಳಿದರೆ ಬಾಯಿ ತೋರಿಸಿ ಕತ್ತು ಆಡಿಸಿಬಿಟ್ಟರೆ ಆಯಿತು. ಬೀದಿಯವರು ಮೊಳೆಬಾಯಿ ಎಂದು ಹೆಸರಿಟ್ಟರು. ಉಗ್ಗ ಅನ್ನಿಸಿಕೊಳ್ಳುವುದಕ್ಕಿಂತ ಇದೇ ವಾಸಿ ಎಂದು ಆತನೂ ಒಪ್ಪಿಕೊಂಡ.

ವಿಚಿತ್ರವೆಂದರೆ ನಮಾಜಿನಲ್ಲಿ ಆತನ ನಾಲಿಗೆ ಎಲ್ಲೂ ಎಡವುತ್ತಿರಲಿಲ್ಲ. ಬಾಯಿಪಾಠ ಮಾಡಿದ ಅರಬ್ಬಿ ಸಾಲುಗಳು ಎಣ್ಣೆ ಬಿಟ್ಟ ಹಾಗೆ ಸಲೀಸಾಗಿ ಬರುತ್ತಿದ್ದವು. ಸಿಕ್ಕಿಕೊಳ್ಳುತ್ತಿದ್ದದ್ದು ಸ್ವಂತ ಮಾತು. ಹಾಗಾಗಿ ನಮಾಜು ಮುಗಿದು ಅಂಗೈ ಚಾಚುವ ಹೊತ್ತಿಗೆ, ಪಕ್ಕದವರು ಮಗುವಿನ ಜ್ವರ, ಸೋರುವ ಸೂರು ಎಂದೆಲ್ಲ ಮನೆಮಾತಿನಲ್ಲೇ ತೋಡಿಕೊಳ್ಳುತ್ತಿದ್ದರೆ, ಆತ ಅಜ್ಜಿ ಕಲಿಸಿದ ಒಂದೇ ಒಂದು ಅರಬ್ಬಿ ಪ್ರಾರ್ಥನೆ, ಒಂದು ದುಆ, ಹೇಳಿ ಎದ್ದುಬಿಡುತ್ತಿದ್ದ. "ಬಿಡದೆ ಹೇಳ್ತಾ ಇರು ಕಂದ, ನಾಲಿಗೆ ಸಡಿಲ ಆಗುತ್ತೆ" ಎಂದಿದ್ದಳು ಅಜ್ಜಿ. ಗಡ್ಡ ಬೆಳ್ಳಗಾಯಿತು, ನಾಲಿಗೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಆದರೂ ಸ್ವಂತ ಮಾತಿನಲ್ಲಿ ಕೇಳುವ ಧೈರ್ಯ ಬರಲಿಲ್ಲ. ಅಲ್ಲಾಹನ ಮುಂದೆ ತುಂಡು ಮಾತು ಇಡುವುದೆಂದರೆ ಅರ್ಧ ಹೊಲಿದ ಸೀಟನ್ನು ಗಿರಾಕಿಯ ಕೈಗೆ ಕೊಟ್ಟ ಹಾಗೆ ಎಂದು ಆತನ ಲೆಕ್ಕ.

ಈಗ ಮಗಳ ನಿಕಾಹ್ ಗೊತ್ತಾಗಿತ್ತು. ಅವರ ಮಸೀದಿಯ ಇಮಾಮರದು ಒಂದೇ ಹಟ: ಹುಡುಗಿಯ ಅಪ್ಪ ಅಳಿಯನ ಕೈ ಹಿಡಿದು, 'ನನ್ನ ಮಗಳನ್ನು ನಿನಗೆ ನಿಕಾಹ್ ಮಾಡಿಕೊಟ್ಟಿದ್ದೇನೆ' ಎಂದು ಮನೆಮಾತಿನಲ್ಲೇ ಹೇಳಬೇಕು, ಕೊಡುವವನಿಗೆ ತಾನು ಏನು ಕೊಡುತ್ತಿದ್ದೇನೆಂದು ಗೊತ್ತಿರಬೇಕು.

"ಅದರ ಚಿಂತೆ ಬಿಟ್ಟುಬಿಡಿ ಭಾವ," ಎಂದ ಹೆಂಡತಿಯ ತಮ್ಮ. ನಿಲ್ದಾಣದಲ್ಲಿ ಮೈಕು ಹಿಡಿದು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗುವುದು ಅವನ ಉದ್ಯೋಗ. "ನಿಮ್ಮ ಪರವಾಗಿ ನಾನು ಹೇಳ್ತೀನಿ. ಧರ್ಮದಲ್ಲೇ ಅವಕಾಶ ಇದೆ."

"ನಾ... ನಾ..."

"ನಾಚಿಕೆ ಯಾಕೆ? ನಾನೇನು ಹೊರಗಿನವನಾ?"

ಆತ ಹೇಳಹೊರಟದ್ದು 'ನಾನೇ ಹೇಳ್ತೀನಿ' ಎಂದು. ಹೆಂಡತಿ ಕಣ್ಣು ಒರೆಸಿಕೊಂಡಳು. "ಅವನಂದಿದ್ದೂ ಸರಿನೇ ಅಲ್ವೇನ್ರೀ? ಅಷ್ಟು ಜನದ ಎದುರು ನೀವು ಒದ್ದಾಡೋದನ್ನ ನನ್ನ ಕೈಲಿ ನೋಡೋಕಾಗಲ್ಲ."

ಆತನ ಮುಖ ಸಣ್ಣದಾಯಿತು. ಬಾಗಿಲಲ್ಲಿ ನಿಂತಿದ್ದ ಮಗಳು ಅದನ್ನು ನೋಡಿದಳು.

ಮರುದಿನ ಮಧ್ಯಾಹ್ನ ಅವಳೇ ಅಂಗಡಿಗೆ ಊಟದ ಡಬ್ಬಿ ತಂದಳು. ಷಟರ್ ಅರ್ಧ ಇಳಿದಿತ್ತು. ಒಳಗೆ ಫೋಮಿನ ಚೂರು, ಗೋಂದಿನ ವಾಸನೆ, ಬಿಚ್ಚಿಟ್ಟ ಬಸ್ಸಿನ ಸೀಟುಗಳ ನಡುವೆ ಚಾಪೆ ಹಾಸಿಕೊಂಡು ಅಪ್ಪ. ಅಜ್ಜಿಯ ದುಆವನ್ನು ಅಂದು ಹಟ ಹಿಡಿದವನಂತೆ ಗಟ್ಟಿಯಾಗಿ, ಮತ್ತೆ ಮತ್ತೆ ಹೇಳುತ್ತಿದ್ದ. ಅರಬ್ಬಿ ಕಲಿತ ಮಗಳು ಕಿವಿಗೊಟ್ಟಳು. ಹುಬ್ಬು ಮೇಲೇರಿತು.

"ಅಪ್ಪಾ, ಏನು ಕೇಳ್ತಾ ಇದ್ದೀರಿ?"

"ನಾ... ನಾಲಿಗೆ ಸ... ಸರಿ ಮಾಡು ಅಂತ."

"ಇದು ಹೊಸ ಬಟ್ಟೆ ಹಾಕಿಕೊಳ್ಳುವಾಗ ಹೇಳೋದು ಅಪ್ಪ! ಈ ಉಡುಪು ಕೊಟ್ಟಿದ್ದಕ್ಕೆ ನಿನಗೆ ಸ್ತುತಿ ಅಂತ."

ಪಾಪ, ಓದು ಬಾರದ ಅಜ್ಜಿ. ಕಿವಿಯಲ್ಲಿ ಕೇಳಿ ಕಲಿತ ದುಆಗಳಲ್ಲಿ ಯಾವುದು ಯಾವುದಕ್ಕೆ ಎಂಬುದೇ ಅವಳಿಗೆ ಕಲಸಿಹೋಗಿತ್ತು. ಒಂದು ಆಯುಷ್ಯವಿಡೀ ಆತ ಅಂಗಿಗೆ ಕೃತಜ್ಞತೆ ಹೇಳುತ್ತ ಮಾತಿಗೆ ಕಾದಿದ್ದ. ಮೊದಲು ನಕ್ಕವಳು ಮಗಳು. ಆಮೇಲೆ ಆತನಿಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವಾಗ ಉಗ್ಗು ಇರಲಿಲ್ಲ.

"ಸ... ಸರಿಯಾದದ್ದು ಕ... ಕಲಿಸು ಹಾಗಾದ್ರೆ."

"ಕಲಿಸಲ್ಲ. ನಿಮ್ಮ ಮಾತಲ್ಲೇ ಕೇಳಿ. ಮೂಸಾ ಪ್ರವಾದಿಯವರ ನಾಲಿಗೆಯಲ್ಲೂ ಗಂಟಿತ್ತು. ಬಿಡಿಸು ಅಂತ ಅವರೇ ಬಾಯಿಬಿಟ್ಟು ಕೇಳಿಕೊಂಡರು. ಆ ಗಂಟು ಇಟ್ಟುಕೊಂಡೇ ಕೇಳಿರಬೇಕಲ್ಲವಾ ಅಪ್ಪ?"

ಅವಳು ಹೋದ ಮೇಲೆ ಆತ ಷಟರನ್ನು ಪೂರ್ತಿ ಇಳಿಸಿದ. ಹಣೆಯನ್ನು ಚಾಪೆಗೆ ಒತ್ತಿದ. "ಯಾ ಅಲ್ಲಾಹ್" ಎನ್ನುವುದು ಸಲೀಸಾಗಿ ಬಂತು. ಮುಂದಿನದ್ದು ಬರಲಿಲ್ಲ. "ಮ... ಮ..." ದವಡೆ ಬಿಗಿಯಿತು, ಕುತ್ತಿಗೆಯ ನರ ಉಬ್ಬಿತು. ಇಂಥ ಹೊತ್ತಿನಲ್ಲಿ ಯಾರಾದರೂ ಬಂದು ಮಾತನ್ನು ಪೂರ್ತಿ ಮಾಡಿಬಿಡುತ್ತಿದ್ದರು. ಹೆಂಡತಿ ಪ್ರೀತಿಯಿಂದ, ಭಾಮೈದ ಅವಸರದಿಂದ, ಗಿರಾಕಿ ಬೇಸರದಿಂದ. ಆತ ಅಭ್ಯಾಸಬಲದಿಂದ ಕಾದ. ಯಾರೂ ಬರಲಿಲ್ಲ. ಹೇಳುವುದೇನೆಂದು ಮೊದಲೇ ಬಲ್ಲವನು ಕೂಡ ನಡುವೆ ಬಾಯಿ ಹಾಕಲಿಲ್ಲ. ಆ ಮೌನದಲ್ಲಿ ಬೇಸರವಿರಲಿಲ್ಲ, ಅವಸರವಿರಲಿಲ್ಲ. ನೀನೇ ಹೇಳು, ನಿನ್ನ ಬಾಯಿಂದಲೇ ಕೇಳಬೇಕು ಎನ್ನುವಂತೆ ಯಾರೋ ಹತ್ತಿರ ಬಂದು ಕೂತ ಹಾಗಿತ್ತು.

"ಮ... ಮಗಳು," ಎಂದ ಆತ. ಕಣ್ಣೀರು ಮೂಗಿನ ತುದಿಯಿಂದ ಚಾಪೆಗೆ ಇಳಿಯಿತು. ಆಮೇಲೆ ಕಟ್ಟೆಯೊಡೆದ ಹಾಗೆ, ಒಡೆದೊಡೆದು, ನಿಂತು ನಿಂತು, ಬಂತು ನೋಡಿ ಎಲ್ಲ! ಮಗಳ ಸುಖ ಕೇಳಿದ, ಅಜ್ಜಿಯ ತಪ್ಪನ್ನು ಮನ್ನಿಸು ಎಂದ, ಮಂಡಿನೋವನ್ನೂ ಬಿಡಲಿಲ್ಲ. ನಾಲಿಗೆಯ ವಿಷಯ ಬಂದಾಗ ಒಂದು ಗಳಿಗೆ ತಡೆದ. "ಸ... ಸರಿ ಮಾಡಿದರೆ ಸಂ... ಸಂತೋಷ. ಮಾಡದಿದ್ದರೆ ಈ... ಈ ನಾಲಿಗೆಯಲ್ಲೇ ಹೇಳುವ ಎದೆ ಕೊಡು."

ಸಂಜೆ ಷಟರ್ ಎತ್ತಿದಾಗ ಹೊರಗೆ ಕಾದಿದ್ದ ಗಿರಾಕಿ, "ಸತ್ತೇ ಹೋದಿರೇನೋ ಅಂದುಕೊಂಡೆ" ಎಂದು ರೇಗಿದ. "ಇ... ಇಲ್ಲ," ಎಂದ ಆತ, ಹಲ್ಲು ಕಾಣುವಷ್ಟು ನಗುತ್ತ.

ನಿಕಾಹ್ ದಿನ ಮಸೀದಿ ಕಿಕ್ಕಿರಿದಿತ್ತು. ಪಡಸಾಲೆಯ ಪರದೆಯಾಚೆ ಹೆಂಗಸರು. ಭಾಮೈದ ಗಂಟಲು ಸರಿಮಾಡಿಕೊಂಡು ಮುಂದೆ ಬಂದ. "ಮೂಸಾ ಪ್ರವಾದಿಯವರ ಜೊತೆಗೂ ಮಾತಾಡೋಕೆ ಅಣ್ಣ ಇದ್ದರಲ್ಲ ಭಾವ, ನಿಮಗೆ ನಾನಿದ್ದೀನಿ," ಎಂದು ಪಿಸುಗುಟ್ಟಿದ. ಮೊಳೆಬಾಯಿ ಅವನ ಹೆಗಲು ತಟ್ಟಿ ಪಕ್ಕಕ್ಕೆ ಕೂರಿಸಿದ. ತಾನೇ ಅಳಿಯನ ಎದುರು ಮಂಡಿಯೂರಿ ಅವನ ಕೈ ಹಿಡಿದ.

"ನ... ನನ್ನ..."

ಹಿಂದಿನಿಂದ ಯಾರೋ ತಾಳಲಾರದೆ "ಮಗಳನ್ನು" ಎಂದರು. ಆತ ತಿರುಗಿ ನೋಡದೆ ಎಡಗೈ ಎತ್ತಿದ. ಕೈಯಲ್ಲಿ ಸಿಟ್ಟಿರಲಿಲ್ಲ, ಆದರೆ ಇಡೀ ಮಸೀದಿ ತೆಪ್ಪಗಾಯಿತು. ತಲೆ ತಗ್ಗಿಸಲಿಲ್ಲ, ಕಣ್ಣು ಮುಚ್ಚಲಿಲ್ಲ. ಅಳಿಯನ ಕಣ್ಣನ್ನೇ ನೋಡುತ್ತ ಕಾದ. ಮಾತು ತನ್ನ ಕಾಲಿನಲ್ಲಿ ತಾನೇ ನಡೆದು ಬರಲಿ ಎಂದು ಕಾದ.

"ಮ... ಮ... ಮಗಳನ್ನು," ಎಂದ. "ನಿ... ನಿನಗೆ ನಿಕಾಹ್ ಮ... ಮಾಡಿಕೊಟ್ಟಿದ್ದೇನೆ!"

ಕೊನೆಯ ಪದ ಗೋಡೆಗೆ ತಾಗುವಷ್ಟು ಗಟ್ಟಿಯಾಗಿತ್ತು. "ಒಪ್ಪಿದೆ," ಎಂದ ಅಳಿಯ. ಅವನ ದನಿಯೇ ನಡುಗುತ್ತಿತ್ತು. ಪರದೆಯ ಹಿಂದಿನಿಂದ ಹೆಂಡತಿಯ ಬಿಕ್ಕು ಕೇಳಿಸಿತು, ಜೊತೆಗೆ ಮಗಳ ನಗು.

ಇನ್ನೇನು ದುಆ ಮಾಡಬೇಕೆಂದು ಇಮಾಮರು ಕೈ ಎತ್ತಿದರು. ಮೊಳೆಬಾಯಿ ಅವರ ಮೊಣಕೈ ಮುಟ್ಟಿದ. "ನಾ... ನಾನು ಮಾಡಲೇ?"

ಇಮಾಮರು ನಕ್ಕು ಕೈ ಇಳಿಸಿ, ಆತನ ದುಆಗೆ ದನಿಗೂಡಿಸಲು ಮತ್ತೆ ಅಂಗೈ ಚಾಚಿದರು. ಆತ ಶುರು ಮಾಡಿದ. ಹೊಸ ಮನೆಗೆ ಬೆಳಕು ಬೇಡಿದ, ಬೀಗರಿಗೆ ಆರೋಗ್ಯ ಬೇಡಿದ, ಭಾಮೈದನ ಗಂಟಲಿಗೆ ಬರಕತ್ತಿನ ಸಮೃದ್ಧಿ ಬೇಡಿದ. ಒಂದೊಂದು ಮಾತಿಗೂ ಸಭೆ ಕಾದು ಕೂತು, ಅದು ಪೂರ್ತಿ ಬಂದ ಮೇಲೆ "ಆಮೀನ್" ಎಂದು ಮೊಳಗಿತು. ಕಾದಷ್ಟೂ ಆಮೀನ್ ದೊಡ್ಡದಾಗುತ್ತ ಹೋಯಿತು.

"ಭಾವ, ಅನ್ನ ಆರ್ತಾ ಇದೆ," ಎಂದು ಭಾಮೈದ ಅಂಗಿ ಜಗ್ಗಿದ.

"ಆ... ಆರಲಿ," ಎಂದು ಆತ ಅಂಗೈಯನ್ನು ಇನ್ನಷ್ಟು ಮೇಲೆತ್ತಿದ. ನೆರೆಹೊರೆಯವರಿಗಾಗಿ ಬೇಡುವುದು ಇನ್ನೂ ಬಾಕಿಯಿತ್ತು.