ಬೆಲ್ಟು ಕೊಟ್ಟ ಕೈ

"ಇನ್ನೊಂದ್ಸಲ ಮಾಡೋಣ, ಹೊರಿಕಾವಾ ಅವರೇ. ತಲೆ ಅಷ್ಟೊಂದು ಆಡಿಸ್ಬೇಡಿ," ಎಂದಳು ನಿರ್ದೇಶಕಿ ಓಗಿನೊ. ಅದು ಆರನೆಯ ಸಲ.

ಹೊರಿಕಾವಾ ಕಲ್ಲುಗಣಿಯ ಧೂಳಿನಲ್ಲಿ ಮತ್ತೆ ಗುರುತಿನ ಮೇಲೆ ಹೋಗಿ ನಿಂತ. ಇಪ್ಪತ್ತೆರಡು ವರ್ಷ ಜಪಾನಿನ ಮಕ್ಕಳ ಟಿವಿ ಸರಣಿಗಳಲ್ಲಿ ಮುಖವಾಡದ ವೀರರ ಉಡುಪಿನೊಳಗೆ ಇದ್ದವನು ಅವನು. ನಾಯಕನಟ ಸೊಂಟಕ್ಕೆ ಬೆಲ್ಟು ಬಿಗಿದು, ಗುಂಡಿ ಒತ್ತಿ, ರೂಪ ಬದಲಿಸುವ ಮಾತನ್ನು ಕೂಗುತ್ತಿದ್ದ, ಕ್ಯಾಮೆರಾ ನಿಲ್ಲುತ್ತಿತ್ತು, ನಟ ಪಕ್ಕಕ್ಕೆ ಸರಿದ ಜಾಗಕ್ಕೆ ಅಂಥದೇ ಬೆಲ್ಟು ಕಟ್ಟಿ, ಮುಖವಾಡ ತೊಟ್ಟು ಹೊರಿಕಾವಾ ಬರುತ್ತಿದ್ದ. ಬೆಲ್ಟಿನ ದೀಪ ಹತ್ತಿತೆಂದರೆ ಅಂಜುಬುರುಕ ಧೈರ್ಯವಂತನಾದ ಎಂದು ನೋಡುವ ಮಕ್ಕಳಿಗೆ ಅರ್ಥ. ಹೊರಿಕಾವಾನಿಗೆ ಮಾತ್ರ, ಒಬ್ಬ ಹೋಗಬೇಕು, ಇನ್ನೊಬ್ಬ ಬರಬೇಕು ಎಂದಷ್ಟೇ.

ಮೊಣಕಾಲು ಸವೆದಿದ್ದರಿಂದ ಇದೇ ಅವನ ಕೊನೆಯ ಸರಣಿಯಾಗಿತ್ತು. ಹೋಗುವ ಮೊದಲು ಅವನ ಮುಖ ಒಮ್ಮೆಯಾದರೂ ತೆರೆಯ ಮೇಲೆ ಬರಲಿ ಎಂದು ಓಗಿನೊಳನ್ನು ಒಪ್ಪಿಸಿದವನು ನಾಯಕನಟ ಇಬುಕಿಯೇ. ದಾರಿಹೋಕನೊಬ್ಬ ಮಣ್ಣಿನಲ್ಲಿ ಬಿದ್ದ ಒಡೆದ ಬೆಲ್ಟನ್ನೆತ್ತಿ "ಇದು ನಿಮ್ದಾ?" ಎಂದು ನಾಯಕನಿಗೆ ಕೊಡುತ್ತಾನೆ; ಅಷ್ಟೇ ಪಾತ್ರ. ಹೊರಿಕಾವಾ ದೂರದ ಅಕಿತಾದಲ್ಲಿದ್ದ ತಂಗಿ ಮಿಸಾಯೊಗೆ ಫೋನು ಮಾಡಿ, ಭಾನುವಾರ ಬೆಳಿಗ್ಗೆ ತಪ್ಪದೆ ನೋಡು ಎಂದಿದ್ದ. ಅಪ್ಪ ತೀರಿಕೊಂಡಾಗ ಅವನು ಚಿತ್ರೀಕರಣ ಬಿಟ್ಟು ಹೋಗಿರಲಿಲ್ಲ. ಮುಖವಾಡದೊಳಗೆ ಬೇರೆ ಯಾರಿದ್ದರೂ ಗೊತ್ತಾಗುತ್ತಿರಲಿಲ್ಲವಲ್ಲ ಎಂದು ಅವಳು ಆಗ ಕೇಳಿದ್ದಳು. ಆಮೇಲೆ ಇಬ್ಬರ ನಡುವೆ ಮಾತೇ ಕಡಿಮೆಯಾಗಿತ್ತು.

ಏಳನೆಯ ಸಲವೂ ಹಾಗೇ ಆಯಿತು. ನಗು, ಮರುಕ, ಸಿಟ್ಟು ಎಲ್ಲವನ್ನೂ ಕತ್ತು ಭುಜಗಳಲ್ಲೇ ತೋರಿಸಿ ರೂಢಿಯಾದವನು. ಕ್ಯಾಮೆರಾ ಹತ್ತಿರ ಬಂದೊಡನೆ ತಲೆ ತಾನಾಗಿ ತೂಗುತ್ತಿತ್ತು, ಮುಖ ಹಲಗೆಯಂತೆ ಕೂತಿರುತ್ತಿತ್ತು. ಬಿಸಿಲು ಇಳಿಯುತ್ತಿತ್ತು. ಕೊನೆಗೆ ಅವನೇ ಓಗಿನೊ ಬಳಿ ಹೋದ.

"ಮುಖ ಬೇಡ, ಕೈ ಮಾತ್ರ ಶೂಟ್ ಮಾಡಿ, ಮೇಡಂ."

ಇಬುಕಿ ಏನೋ ಹೇಳಲು ಬಂದ. ಹೊರಿಕಾವಾ ಅವನ ಬೆನ್ನು ತಟ್ಟಿ ಸುಮ್ಮನಾಗಿಸಿದ. ಕೈಯ ಚಿತ್ರ ಒಂದೇ ಸಲಕ್ಕೆ ಮುಗಿಯಿತು.

ಅದು ಪ್ರಸಾರವಾದ ಭಾನುವಾರ ತನ್ನ ಒಂಟಿ ಕೋಣೆಯಲ್ಲಿ ಕೂತು ನೋಡಿದ. ಎರಡು ಬರಿಗೈ, ಒಂದು ಬೆಲ್ಟು, ಮೂರು ಸೆಕೆಂಡು. ತಂಗಿಗೆ ಏನು ಹೇಳಲಿ ಎಂದುಕೊಳ್ಳುವಷ್ಟರಲ್ಲಿ ಅವಳದೇ ಫೋನು ಬಂತು. ಮುಖವನ್ನೂ ಚಿತ್ರಿಸಿದ್ದರು, ಆಮೇಲೆ ಕತ್ತರಿಸಿಬಿಟ್ಟರು ಎಂದು ಸುಳ್ಳು ಹೇಳಿದ.

ಮಿಸಾಯೊ ಆ ಕೈಗಳ ಮಾತೆತ್ತಿದಳು.

"ನಿನ್ನ ಹೆಬ್ಬೆರಳು ಹಿಂದಕ್ಕೆ ಬಾಗಿತ್ತಲ್ಲ ಅಣ್ಣಾ. ಅಪ್ಪಂದೂ ಹಾಗೇ ಬಾಗ್ತಿತ್ತು, ನಮ್ಗೆ ಅನ್ನದ ಬಟ್ಟಲು ಕೊಡೋವಾಗ."

"ಹೌದಾ? ನಾನು ಗಮನಿಸೇ ಇರ್ಲಿಲ್ಲ ಕಣೆ."

"ಆಗಸ್ಟ್‌ನಲ್ಲಿ ಹಿರಿಯರ ಹಬ್ಬಕ್ಕೆ ಅಪ್ಪನ ಸಮಾಧಿ ತೊಳೀಬೇಕು. ಬರ್ತೀಯಾ?"

ಬರುತ್ತೇನೆ ಎಂದ. ಅವಳು ಬಸ್ಸಿನ ಹೊತ್ತು ಹೇಳಿ ಫೋನಿಟ್ಟಳು.

ಟಿವಿಯಲ್ಲಿ ಮುಂದಿನ ವಾರದಿಂದ ಬರುವ ಹೊಸ ವೀರ ಜಿಗಿಯುತ್ತಿದ್ದ. ಹೊರಿಕಾವಾ ಟಿವಿಯ ದನಿ ತಗ್ಗಿಸಿದ. ಒಲೆಯ ಬಳಿ ಹೋಗಿ ಬಟ್ಟಲಿಗೆ ಅನ್ನ ತೋಡಿಕೊಂಡು ಬಂದ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಯಾರಿಗೋ ಕೊಡುವಂತೆ ಮೇಜಿನ ಆಚೆಗೆ ಚಾಚಿ, ಹೆಬ್ಬೆರಳನ್ನು ನೋಡಿದ. ಹಬೆ ಆರುವವರೆಗೂ ಹಾಗೇ ಹಿಡಿದಿದ್ದ.