ರೇಡಿಯೇಟರಿನ ಅರಿಶಿಣ

ರೇಡಿಯೇಟರಿನ ಮೇಲಿನ ಪೈಪು ಕೈ ಇಡಲಾರದಷ್ಟು ಸುಡುತ್ತಿತ್ತು. ಕೆಳಗಿನ ಪೈಪು ಮಾತ್ರ ಮಣ್ಣಿನ ಕೊಡದ ಹಾಗೆ ತಣ್ಣಗಿತ್ತು. ಸಿದ್ರಾಮಪ್ಪ ಎರಡನ್ನೂ ಇನ್ನೊಮ್ಮೆ ಮುಟ್ಟಿ ನೋಡಿ ಕಾರಿನ ಇಂಜಿನ್ ಬಂದ್ ಮಾಡಿದ. ಎಷ್ಟೋ ದಿನದಿಂದ ಅವನ ಜೀವ ತಿನ್ನುತ್ತಿದ್ದ ರೋಗ ಕೊನೆಗೂ ಕೈಗೆ ಸಿಕ್ಕಿತ್ತು. ಇಂಜಿನ್ನಿನ ಬಿಸಿನೀರು ರೇಡಿಯೇಟರಿಗೆ ಬರುತ್ತಿದೆ, ಆದರೆ ತಣ್ಣಗಾಗಿ ವಾಪಸು ಹೋಗುತ್ತಿಲ್ಲ. ನಡುವೆ ಏನೋ ಕಟ್ಟಿಕೊಂಡಿದೆ.

"ರೇಡಿಯೇಟರಿನ್ಯಾಗ ಏನೋ ತುಂಬ್ಯಾದ, ಅವ್ವಣ್ಣಾ. ಆರಿದ ಮ್ಯಾಲೆ ನೀರು ಬಿಟ್ಟು ನೋಡೂಣು."

ಅಂಗಳದಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅವ್ವಣ್ಣ ಚಹಾದ ಕಪ್ಪನ್ನು ಕೆಳಗಿಟ್ಟ. ಇವತ್ತು ಬ್ಯಾಡ, ಆದಿತವಾರ, ಏನಾದರೂ ಮುರಿದರೆ ಸಾಮಾನು ಸಿಗೂದಿಲ್ಲ, ನಾಳೆ ನನ್ನ ಗುರುತಿನ ಮೆಕ್ಯಾನಿಕನ ಹತ್ತಿರ ಕಳಿಸೋಣ ಎಂದ. ಇದೇ ಮಾತನ್ನು ಅವನು ಬೆಳಗಿನಿಂದ ಮೂರು ಥರ ಹೇಳಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರಲ್ಲ, ಹಾಗಿತ್ತು ಅವನ ಗಡಿಬಿಡಿ. ಸಿದ್ರಾಮಪ್ಪನಿಗೆ ಅದು ತಿಳಿಯಲಿಲ್ಲ. ದೋಸ್ತನ ಬಗ್ಗೆ ಅಂಥದ್ದೆಲ್ಲ ತಿಳಿಯುವ ಬುದ್ಧಿಯನ್ನು ದೇವರು ಅವನಿಗೆ ಕೊಟ್ಟೇ ಇರಲಿಲ್ಲ.

ಇಬ್ಬರೂ ಇಂಡಿ ತಾಲೂಕಿನವರು. ಒಂದೇ ರೈಲಿನಲ್ಲಿ ಪುಣೆಗೆ ಬಂದು, ಒಂದೇ ಖೋಲಿಯಲ್ಲಿ ಸ್ಟೋವ್ ಹಚ್ಚಿ, ಒಂದೇ ತಾಟಿನಲ್ಲಿ ಜುಣಕ ತಿಂದವರು. ಈಗ ಸಿದ್ರಾಮಪ್ಪ ಅರಿವೆ ಅಂಗಡಿಯೊಂದರಲ್ಲಿ ಗುಮಾಸ್ತ, ಮನೆ ಯೆರವಡಾದಲ್ಲಿ. ಅವ್ವಣ್ಣ ಹಗ್ಗ, ತಾಡಪತ್ರಿಯ ವ್ಯಾಪಾರ ಹಿಡಿದು ಸದಾಶಿವ ಪೇಠದಲ್ಲಿ ಫ್ಲ್ಯಾಟು ಮಾಡಿಕೊಂಡಿದ್ದ. ಈ ಹಳೇ ಫಿಯಾಟು ಕಾರು ಮೊದಲು ಅವನದೇ. ತಾನು ಹೊಸ ಗಾಡಿ ತರುವಾಗ, ಹೊರಗಿನವರಿಗೆ ಯಾಕೆ ಎಂದು ಸಿದ್ರಾಮಪ್ಪನಿಗೆ ಮಾರಿದ್ದ. ಇನ್ನೇನು ಇಬ್ಬರೂ ಬೀಗರಾಗುವವರಿದ್ದರು. ಬರುವ ಗುರುವಾರ ಅವ್ವಣ್ಣನ ಮಗ ಸಂಜುಗೂ ಸಿದ್ರಾಮಪ್ಪನ ಮಗಳು ನೀತಾಗೂ ನಿಶ್ಚಯ. ಮಗಳನ್ನು ಸ್ವಂತ ಕಾರಿನಲ್ಲಿ ಕೂಡಿಸಿಕೊಂಡು ಬೀಗರ ಬಾಗಿಲಿಗೆ ಹೋಗಿ ಇಳಿಯಬೇಕೆಂಬುದು ಸಿದ್ರಾಮಪ್ಪನ ಹಟ. ಗಾಡಿಯೋ, ನದಿಯ ಸೇತುವೆ ದಾಟುವುದರೊಳಗೆ ಉಗಿ ಕಾರಿ ನಿಂತುಬಿಡುತ್ತಿತ್ತು.

ಅದಕ್ಕೇ ಅವನು ತಾನೇ ವೈದ್ಯಕ್ಕೆ ಇಳಿದಿದ್ದ. ಫ್ಯಾನಿನ ಪಟ್ಟಿ ಬಿಗಿ ಮಾಡಿದ. ಮುಚ್ಚಳ ಹೊಸದು ಹಾಕಿದ. ಥರ್ಮೋಸ್ಟ್ಯಾಟು ಬಿಚ್ಚಿ ತಂದು ಹೆಂಡತಿ ಗೌರಾಬಾಯಿಯ ಹಾಲಿನ ಪಾತ್ರೆಯಲ್ಲಿ ಕುದಿಸಿ, ಅದು ಬಾಯಿ ಬಿಡುತ್ತದೋ ಇಲ್ಲವೋ ಎಂದು ನೋಡಿದ. ಅದು ಸರಿಯಾಗಿಯೇ ಬಿಟ್ಟಿತು, ಆಮೇಲೆ ಗೌರಾಬಾಯಿಯೂ ಬಿಟ್ಟಳು. ಆ ಪಾತ್ರೆ ಈಗ ಗಿಡಕ್ಕೆ ನೀರು ಹಾಕಲು ಹೊರಗೆ ಬಿದ್ದಿತ್ತು.

ಇಂಜಿನ್ ಆರಿದ ಮೇಲೆ ಸಿದ್ರಾಮಪ್ಪ ಗೋಣಿಚೀಲ ಹಾಸಿ ಕೆಳಗೆ ಮಲಗಿದ. ಅವ್ವಣ್ಣ ಒಲ್ಲದ ಮನಸ್ಸಿನಿಂದಲೇ ತಿರುಪು ಬಿಚ್ಚುವ ಪಾನಾ ಎತ್ತಿ ಕೊಟ್ಟ. ರೇಡಿಯೇಟರಿನ ತಳದ ತಿರುಪು ಬಿಚ್ಚಿದರೆ ಒಂದು ಹನಿಯೂ ಬೀಳಲಿಲ್ಲ. ತಂತಿ ಹಾಕಿ ಕೆದಕಿದಾಗ ಮೊದಲು ಮುದ್ದೆಮುದ್ದೆಯಾಗಿ ರಾಡಿ ಬಂತು, ಆಮೇಲೆ ನೀರು. ಎರಡೂ ಹಳದಿ. ಕೆಳಗಿಟ್ಟಿದ್ದ ಬಕೆಟ್ಟು ತುಂಬುತ್ತ ಬಂದಂತೆ ಅಂಗಳದಲ್ಲಿ ಅಡುಗೆಮನೆಯ ವಾಸನೆ ಎದ್ದಿತು.

ನೀರಿನ ಕೊಡ ಹೊತ್ತು ಬಂದ ಗೌರಾಬಾಯಿ ನಿಂತು ಮೂಸಿದಳು. ಇದೇನು, ಅರಿಶಿಣದ ನೀರು ಹೆಂಗ ಬರಾಕತ್ತದ ಎಂದಳು.

ತೂತು ಬಿದ್ದ ರೇಡಿಯೇಟರಿಗೆ ಮುಷ್ಟಿಗಟ್ಟಲೆ ಅರಿಶಿಣ ಸುರಿಯುವುದು ಲಾರಿಯವರ ಹಳೇ ಯುಕ್ತಿ. ಅರಿಶಿಣ ಉಬ್ಬಿ ತೂತು ಮುಚ್ಚುತ್ತದೆ, ಕೆಲವು ದಿನ ಸೋರುವುದು ನಿಲ್ಲುತ್ತದೆ. ಗಿರಾಕಿಗೆ ದಾಟಿಸಲು ಅಷ್ಟು ದಿನ ಸಾಕಲ್ಲ! ಆಮೇಲೆ ಒಳಗಿನ ಸಣ್ಣ ನಳಿಗೆಗಳೆಲ್ಲ ಕಟ್ಟಿ, ಕೊಂಡವನ ಹಣೆಬರಹ ಕುದಿಯುತ್ತದೆ. ಸಿದ್ರಾಮಪ್ಪನಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದರೂ ಅವನ ಮನಸ್ಸು ಬೇರೊಂದು ದಾರಿ ಹುಡುಕಿತು. ಜೇಜುರಿಯಲ್ಲಿ ಭಂಡಾರ ಎರಚಿದ್ದರಲ್ಲ, ಅದೇ ಹಾರಿ ಒಳಗೆ ಬಿದ್ದಿರಬೇಕು ಎಂದ.

ಅವರಿಬ್ಬರಿಗೂ ಮನೆದೇವರು ಜೇಜುರಿಯ ಖಂಡೋಬ. ಆ ದೇವರ ಅರಿಶಿಣವೇ ಭಂಡಾರ. ಅದನ್ನು ಅಂಗೈಯಲ್ಲಿ ಹಿಡಿದು ಹೇಳಿದ ಮಾತು ಸುಳ್ಳಾದರೆ ವಂಶ ಉಳಿಯುವುದಿಲ್ಲ ಎಂದು ನಂಬಿ ಬೆಳೆದವರು. ಗಾಡಿ ಕೊಡುವ ದಿನ ಇಬ್ಬರೂ ಅದರಲ್ಲೇ ಜೇಜುರಿಗೆ ಹೋಗಿದ್ದರು. ಸಿದ್ರಾಮಪ್ಪ ಕೇಳದಿದ್ದರೂ ಅವ್ವಣ್ಣ ತಾನಾಗಿ ಭಂಡಾರ ಎತ್ತಿ, ಈ ಗಾಡಿ ಒಂದು ದಿನವೂ ಬಿಸಿಯಾಗಿಲ್ಲ ಅಂದಿದ್ದ. ಸಿದ್ರಾಮಪ್ಪನ ಕಣ್ಣು ತುಂಬಿ ಬಂದಿತ್ತು. ಇಷ್ಟಕ್ಕೆಲ್ಲ ಆಣೆ ಯಾಕೋ ಎಂದು ಅವನ ಕೈ ಹಿಡಿದಿದ್ದ.

ಹೊಸ್ತಿಲಲ್ಲಿ ಕೂತು ನಿಶ್ಚಯದ ಸೀರೆಗೆ ಫಾಲ್ ಹಚ್ಚುತ್ತಿದ್ದ ನೀತಾ ತಲೆ ಎತ್ತಿದಳು.

"ಅಪ್ಪಾ, ಮುಚ್ಚಳ ಹಾಕಿರತದಲ್ಲ. ಒಳಗ ಹೆಂಗ ಬೀಳತದ?"

ಸಿದ್ರಾಮಪ್ಪ ಎದ್ದು ಕೂತು ಅವ್ವಣ್ಣನ ಮುಖ ನೋಡಿದ. ಅವ್ವಣ್ಣ ಬಕೆಟ್ಟು ನೋಡುತ್ತಿದ್ದ. ಸಣ್ಣದೊಂದು ತೂತಿತ್ತು, ಎಲ್ಲರೂ ಹಾಕ್ತಾರ, ನಾನೂ ಹಾಕಿಸಿದೆ ಎಂದು ಗೊಣಗಿದ.

"ಭಂಡಾರ ಎತ್ತಿದ್ದೆಲ್ಲೋ."

"ಬಿಸಿ ಆಗಿಲ್ಲ ಅಂತ ಎತ್ತಿದ್ದೆ. ಆವಾಗ ಆಗಿದ್ದಿಲ್ಲ. ಸುಳ್ಳೇನು ಹೇಳಿಲ್ಲ ನಾ."

ಸಿದ್ರಾಮಪ್ಪ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟ. ಸುಳ್ಳು ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ. ದೇವರೂ ಹಿಡಿಯಬಾರದು, ದೋಸ್ತನೂ ಹಿಡಿಯಬಾರದು, ಅಂಥ ಮಾತನ್ನು ಕೂತು ಹೊಂದಿಸಿಕೊಂಡು ಬಂದಿದ್ದನಲ್ಲ ಇವನು! ಜೇಜುರಿಯ ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತು ನಗುತ್ತಿದ್ದನಲ್ಲ!

"ಸೋರತದ ಅಂತ ಹೇಳಿದ್ರೂ ತಗೋತಿದ್ದೆ, ಅವ್ವಣ್ಣಾ. ನಿಂದು ಅಂತ ತಗೋತಿದ್ದೆ" ಎಂದ.

ಆಗಿದ್ದು ಆತು, ಹೊಸ ರೇಡಿಯೇಟರ್ ನಾನೇ ಹಾಕಿಸಿ ಕೊಡ್ತೀನಿ, ಬೀಗರಾಗೋ ಹೊತ್ತಿನ್ಯಾಗ ಇಷ್ಟು ಸಣ್ಣ ಮಾತು ಎತ್ತಬಾರದು ಎಂದು ಅವ್ವಣ್ಣ ಹೆಗಲ ಮೇಲೆ ಕೈ ಇಡಲು ಬಂದ. ಬೀಗರು ಎಂಬ ಶಬ್ದ ಕಿವಿಗೆ ಬಿದ್ದದ್ದೇ ಸಿದ್ರಾಮಪ್ಪ ಹಿಂದೆ ಸರಿದ. ಸಂಜುಗೆ ಖಡಕಿಯ ಫ್ಯಾಕ್ಟರಿಯಲ್ಲಿ ಕಾಯಂ ನೌಕರಿ, ಕುಡಿತದ ಹೆಸರಿಲ್ಲ ಎಂದು ಹೇಳಿದ್ದೂ ಇದೇ ಬಾಯಿ. ವಿಚಾರಿಸಿ ನೋಡ್ರಿ ಎಂದು ಗೌರಾಬಾಯಿ ಎಷ್ಟು ಸಲ ಬಡಕೊಂಡಿದ್ದಳು! ದೋಸ್ತನ ಮಾತಿಗೆ ಸಾಕ್ಷಿ ಕೇಳುವುದು ಹೇಸಿಗೆ ಎಂದು ಅವನು ಅವಳ ಬಾಯಿ ಮುಚ್ಚಿಸಿದ್ದ.

ಈಗ ಅವನು ಹೆಂಡತಿಯ ಕಡೆ ತಿರುಗಿ, ದೇವರ ಜಗಲಿಯ ಮೇಲಿನ ಭಂಡಾರದ ಬಟ್ಟಲು ತಾ ಎಂದ. ಗೌರಾಬಾಯಿ ಯಾಕೆ ಎನ್ನಲಿಲ್ಲ. ತಂದು ಇಬ್ಬರ ನಡುವೆ ಸ್ಟೂಲಿನ ಮೇಲೆ ಇಟ್ಟಳು. ನೀತಾಳ ಸೂಜಿ ನಿಂತಿತು.

"ಗಾಡಿ ಮಾತು ಇಲ್ಲಿಗೇ ಬಿಟ್ಟೆ. ಸಂಜೂಂದು ನೌಕರಿ ಅದ, ಅವ ಕುಡಿಯೂದಿಲ್ಲ, ಇವತ್ತೂ ಕುಡಿಯೂದಿಲ್ಲ, ನಿನ್ನೆನೂ ಕುಡಿದಿಲ್ಲ. ಇಷ್ಟು ಇದನ್ನ ಹಿಡಿದು ಹೇಳು."

ಅವ್ವಣ್ಣ ನಗಲು ನೋಡಿದ. ನಗೆ ಬರಲಿಲ್ಲ. ನೀತಾಳ ಕಡೆ ಒಮ್ಮೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ.

"ಕೈ ಎಣ್ಣಿ ಆಗ್ಯಾವು. ತೊಳಕೊಂಡು ಬರ್ತೀನಿ."

ಅಂಗಳದ ಮೂಲೆಯ ನಲ್ಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತ. ಪಾನಾದ ಎಣ್ಣೆ ಎರಡು ಬೆರಳಿಗೆ ಹತ್ತಿತ್ತು, ಅಷ್ಟೇ. ಸಾಬೂನು ಹಚ್ಚಿದ, ತೊಳೆದ. ಮತ್ತೆ ಹಚ್ಚಿದ. ನೀತಾ ಸೀರೆಯನ್ನು ಪಕ್ಕಕ್ಕಿಟ್ಟು, ಒಳಗಿನಿಂದ ಟವೆಲ್ ತಂದು ಅವನ ಹಿಂದೆ ನಿಂತುಕೊಂಡಳು. ಕೈಗಳು ಆಗಲೇ ಸ್ವಚ್ಛವಾಗಿದ್ದವು. ಅವ್ವಣ್ಣ ಹಿಂದೆ ತಿರುಗದೆ, ಹರಿಯುವ ನಲ್ಲಿಯ ಕೆಳಗೆ ಅವನ್ನು ತಿಕ್ಕುತ್ತಲೇ ಇದ್ದ.