ನ್ಯಾಗೊಂಡ್ವೆಯವರ ಎಂಟು ಸಾವಿರ ಪದಗಳು

ಮ್ಝುಝು ಪೇಟೆಯಲ್ಲಿ ರೇಡಿಯೊ, ಮೊಬೈಲು ರಿಪೇರಿ ಮಾಡುವ ವೆಜಿ ಲುಹಂಗಳಿಗೆ ಹಳೆಯ ಯಂತ್ರವೆಂದರೆ ಹುಚ್ಚು. ನಿವೃತ್ತ ಶಿಕ್ಷಕಿ ನ್ಯಾಗೊಂಡ್ವೆ ಹೇಳಿ ಕಳಿಸಿದ್ದೇ ತಡ, ಬೆಳಿಗ್ಗೆ ಏಳಕ್ಕೇ ಬಂದು ನಿಂತಿದ್ದಳು. ದಿನಾ ಹನ್ನೊಂದಕ್ಕೆ ಕರೆಂಟು ಹೋಗುತ್ತಿತ್ತು, ಅಷ್ಟರೊಳಗೆ ಕೆಲಸ ಮುಗಿಯಬೇಕಿತ್ತು.

ಮೇಜಿನ ಮೇಲೆ ಮೂವತ್ತು ವರ್ಷ ದಾಟಿದ ಪುಟ್ಟ ಕಂಪ್ಯೂಟರು. ಪಕ್ಕದಲ್ಲಿ ಇಟ್ಟಿಗೆಯಷ್ಟು ತೂಕದ ಡ್ರೈವ್. ಅದರೊಳಗೆ ತುಂಬುಕಾ ಭಾಷೆಯ ಎಂಟು ಸಾವಿರ ಪದಗಳಿದ್ದವು. ನ್ಯಾಗೊಂಡ್ವೆ ಹಳ್ಳಿಹಳ್ಳಿ ಅಲೆದು ಮುದುಕಿಯರ ಬಾಯಿಂದ ಕೇಳಿ ಕೂಡಿಟ್ಟವು. ಆ ಮುದುಕಿಯರಲ್ಲಿ ಈಗ ಒಬ್ಬರೂ ಇಲ್ಲ. ಕಾಗದದ ಪ್ರತಿಯನ್ನು ಗೆದ್ದಲು ತಿಂದಿತ್ತು.

ವೆಜಿ ಎರಡನ್ನೂ ಬಿಚ್ಚಿ ಶುಚಿ ಮಾಡಿ, ಒಂಬತ್ತೂವರೆಗೆ ಚಾಲೂ ಮಾಡಿದಳು. ಡ್ರೈವ್ ಗುಯ್‌ಗುಟ್ಟಿತು. ಪರದೆ ಮಾತ್ರ ಬೂದುಬಣ್ಣಕ್ಕೆ ತಿರುಗಿ ಹಾಗೇ ನಿಂತುಬಿಟ್ಟಿತು.

"ಸತ್ತೋಯ್ತಾ?" ನ್ಯಾಗೊಂಡ್ವೆ ಕೇಳಿದರು.

"ಸತ್ತಿದ್ರೆ ಸದ್ದೆಲ್ಲಿ ಮಾಡ್ತಿತ್ತು, ಅಗೋಗೊ?" ವೆಜಿ ಅಜ್ಜಿಯನ್ನು ಕರೆಯುವುದು ಹಾಗೆ. "ಸ್ವಲ್ಪ ತಡೀರಿ."

ಎರಡನ್ನೂ ಆರಿಸಿ, ಕೇಬಲ್ ಕಿತ್ತು ಅದರ ತುದಿಯ ಸೂಜಿಗಳನ್ನು ನೋಡಿದಳು. ಒಂದೂ ಬಾಗಿರಲಿಲ್ಲ. ಡ್ರೈವಿನ ಬೆನ್ನು ತಿರುಗಿಸಿದಾಗ ಸಣ್ಣ ಕಿಟಕಿಯಲ್ಲಿ ಸೊನ್ನೆ ಕಂಡಿತು. ವೆಜಿಗೆ ನಗು ಬಂತು.

"ಈ ನಂಬರ್ ಯಾರು ತಿರುಗ್ಸಿದ್ದು?"

"ನಾನೇ. ಧೂಳು ಒರೆಸ್ತಾ ಇದ್ದೆ, ಗುಂಡಿ ಟಕ್ ಟಕ್ ಅಂತು. ಚೆನ್ನಾಗಿತ್ತು."

"ಚೆನ್ನಾಗಿತ್ತಾ! ಕಂಪ್ಯೂಟರ್ ಒಳಗಿರೋ ಡ್ರೈವಿನ ನಂಬರೂ ಸೊನ್ನೇನೇ. ಒಂದೇ ಹೆಸರಿಟ್ಕೊಂಡು ಇಬ್ರು ಕೂತಿದ್ದಾರೆ, ಕರೆದ್ರೆ ಇಬ್ರೂ ಓಗೊಡ್ತಾರೆ."

"ಪಾಠ ಆಮೇಲೆ ಮಾಡು ಮಗಳೇ, ಕೈ ಓಡಿಸು."

ವೆಜಿ ನಂಬರನ್ನು ನಾಲ್ಕಕ್ಕೆ ತಿರುಗಿಸಿ, ಕೇಬಲ್ ಜೋಡಿಸಿ, ಮೊದಲು ಡ್ರೈವ್ ಹಾಕಿ, ಅದು ಪೂರ್ತಿ ವೇಗ ಹಿಡಿದ ಮೇಲೆ ಕಂಪ್ಯೂಟರ್ ಹಾಕಿದಳು. ಈ ಸಲ ಪರದೆ ಜೀವ ತಳೆಯಿತು. ನ್ಯಾಗೊಂಡ್ವೆ ಚಪ್ಪಾಳೆ ತಟ್ಟಿದರು. ಆದರೆ ಹೊರಗಿನ ಡ್ರೈವಿನ ಚಿತ್ರ ಮೂಡಲೇ ಇಲ್ಲ.

ವೆಜಿ ಡ್ರೈವಿನ ಹಿಂದಿನ ಖಾಲಿ ಕಿಂಡಿಯನ್ನು ದಿಟ್ಟಿಸಿದಳು.

"ಇಲ್ಲೊಂದು ಪ್ಲಗ್ ಇತ್ತಾ? ವೈರ್ ಇಲ್ಲದ್ದು, ಹೆಬ್ಬೆರಳಷ್ಟು?"

"ಓ, ಆ ಮೋಟು! ಅದು ಡ್ರೈವಿಗೆ ಜೋಡಿಸಿದ್ದ ಸ್ಕ್ಯಾನರ್ ಹಿಂದೆ ಇತ್ತು. ಸ್ಕ್ಯಾನರನ್ನ ಎದುರಿನ ಶಾಲೆಗೆ ಕೊಟ್ಬಿಟ್ಟೆ."

"ಯಂತ್ರಗಳ ಸಾಲಿನ ಕೊನೇಲಿ ಅದಿರ್ಲೇಬೇಕು ಅಗೋಗೊ. ಇಲ್ದಿದ್ರೆ ಕಂಪ್ಯೂಟರಿಂದ ಹೋದ ಮಾತೆಲ್ಲ ಗೋಡೆಗೆ ಬಡಿದು ವಾಪಸ್ ಬಂದು ಗಲಿಬಿಲಿ ಆಗತ್ತೆ!"

ಹತ್ತು ಗಂಟೆಯಾಗಿತ್ತು. ವೆಜಿ ಬರಿಗಾಲಲ್ಲೇ ರಸ್ತೆ ದಾಟಿ ಓಡಿದಳು. ಮುಖ್ಯೋಪಾಧ್ಯಾಯ ಮ್ಸಿಸ್ಕಾ ಪ್ರಯೋಗಾಲಯದ ಕಪಾಟಿನ ಬೀಗ ತೆಗೆಯುತ್ತಾ, "ಆ ಮುದುಕಿ ಕೊಟ್ಟದ್ದನ್ನ ವಾಪಸ್ ಕೇಳ್ತಿದ್ದಾರಾ?" ಎಂದು ಕೀಟಲೆ ಮಾಡಿದ. ಹಳೆಯ ಸ್ಕ್ಯಾನರಿನ ಬೆನ್ನಿಗೆ ಮೋಟು ಪ್ಲಗ್ ಇನ್ನೂ ಕಚ್ಚಿಕೊಂಡಿತ್ತು. ವೆಜಿ ತಿರುಪು ಬಿಚ್ಚಿ, ಮುಷ್ಟಿಯಲ್ಲಿ ಹಿಡಿದು, ಬಂದ ದಾರಿಯಲ್ಲೇ ಹಾರಿದಳು.

ಎಲ್ಲವನ್ನೂ ಆರಿಸಿ ಪ್ಲಗ್ ಒತ್ತಿದಳು. ಡ್ರೈವ್. ಆಮೇಲೆ ಕಂಪ್ಯೂಟರ್.

ಪರದೆಯ ಮೂಲೆಯಲ್ಲಿ ಎರಡನೆಯ ಚಿತ್ರ ಟಕ್ಕನೆ ಮೂಡಿತು.

"ಬಂತು! ಬಂತು ಅಗೋಗೊ!"

ನ್ಯಾಗೊಂಡ್ವೆ ಎರಡೂ ಕೈಯಲ್ಲಿ ಅವಳ ತಲೆ ಹಿಡಿದು ಅಲ್ಲಾಡಿಸಿದರು. ಕಡತ ತೆರೆಯಿತು. ಪದಗಳು ಸಾಲುಸಾಲಾಗಿ ಇಳಿದವು. ಒಂದರ ಮೇಲೆ ಬೆರಳಿಟ್ಟು ಮುದುಕಿ ನಕ್ಕರು. ಮೆಕ್ಕೆಜೋಳದ ಬಿಸಿ ಮುದ್ದೆ ನ್ಸಿಮಾ ಮುರಿಯುವಾಗ ಬೆರಳು ಸುಟ್ಟು ಕೈ ಕೊಡವುತ್ತೇವಲ್ಲ, ಅದಕ್ಕೇ ಒಂದು ಪದ.

"ಅದಕ್ಕೂ ಪದ ಇತ್ತಾ?" ವೆಜಿ ಕಣ್ಣರಳಿಸಿದಳು. "ನಾನು ದಿನಾ ಮಾಡ್ತೀನಿ, ಹೆಸರೇ ಗೊತ್ತಿರ್ಲಿಲ್ಲ!"

"ಕರೋಂಗಾದ ಒಬ್ಬ ಅಜ್ಜಿ ಹೇಳಿದ್ದು. ಮೊದಲು ನಕಲು ಮಾಡು, ಆಮೇಲೆ ಬೆರಗಾಗು."

ಎರಡು ಫ್ಲಾಪಿಗಳಿಗೆ ನಕಲು ಇಳಿಯುವಷ್ಟರಲ್ಲಿ ಹತ್ತು ಐವತ್ತೆಂಟು. ವೆಜಿ ಫ್ಲಾಪಿ ತೆರೆದು ಕೊನೆಯ ಪದಕ್ಕೆ ಹಾರಿ ನೋಡಿದಳು, ಪಟ್ಟಿ ಪೂರ್ತಿ ಇತ್ತು. ಯಂತ್ರಗಳನ್ನು ಆರಿಸಿ ಕೈ ಹಿಂತೆಗೆಯುತ್ತಲೇ ಕರೆಂಟು ಹೋಯಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ನ್ಯಾಗೊಂಡ್ವೆ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡರು. "ಅದರಲ್ಲಿ ಬರೆಯೋಕೆ ಮರೆತ ಪದ ಇನ್ನೂ ಇವೆ. ಪೆನ್ನಿದೆಯಾ?"

ವೆಜಿ ಚೀಲದಿಂದ ಪೆನ್ನು ತೆಗೆದು, ನೆಲದ ಮೇಲೆ ಕಾಲು ಮಡಚಿ ಕೂತಳು. "ಹೇಳಿ ಅಗೋಗೊ."